ಮರುಭೂಮಿ ಸೀಮೆಯ ಹಳೆಯ ಮನೆಗೆ ಆರ್‌ಸಿಬಿಒ ಬೋರ್ಡ್: ಹಲವು ಬೇಸಿಗೆಗಳ ನಂತರದ ವಿಮರ್ಶೆ

ಹಳೆಯ ಮನೆಯ ಪಿಂಗಾಣಿ ಫ್ಯೂಸುಗಳನ್ನೆಲ್ಲ ಕಿತ್ತುಹಾಕಿ, ಪ್ರತಿ ಸರ್ಕ್ಯೂಟಿಗೂ ಬೇರೆ ಬೇರೆ ಆರ್‌ಸಿಬಿಒ ಇರುವ ಹೊಸ ಬೋರ್ಡ್ ಹಾಕಿಸಿ ಹಲವು ಬೇಸಿಗೆಗಳು ಕಳೆದಿವೆ. ಜೊತೆಗೆ ಲೈನಿನಲ್ಲಿ ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್, ಹೊಸ ಅರ್ತ್ ರಾಡ್, ಏಸಿ ಲೈನಿಗೆ ದಪ್ಪ ವೈರ್. ಹಾಕಿಸಿದ ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಿಸಿಲು, ದೂಳು, ಒಣನೆಲ ಮೂರೂ ಸೇರಿ ಪರೀಕ್ಷೆ ಮಾಡಿದ ಮೇಲೆ ಯಾವುದು ನಿಂತಿತು ಎಂದು ಕೇಳಿದರೆ, ಆರ್‌ಸಿಬಿಒಗಳಿಗೆ ಪೂರ್ತಿ ಅಂಕ ಕೊಡುತ್ತೇನೆ. ಉಳಿದವುಗಳ ಬಗ್ಗೆ ತಕರಾರುಗಳಿವೆ.

ಆರ್‌ಸಿಬಿಒ ಎಂದರೆ ಎಂಸಿಬಿ (ಕರೆಂಟು ಮಿತಿಮೀರಿದರೆ ಲೈನ್ ಕಡಿಯುವ ಬ್ರೇಕರ್) ಮತ್ತು ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಬ್ರೇಕರ್) ಎರಡರ ಕೆಲಸವನ್ನೂ ಒಂದೇ ಡಬ್ಬಿಯಲ್ಲಿ ಮಾಡುವ ಸಾಧನ. ಓವರ್‌ಲೋಡ್ ಆದರೂ ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೂ ಬೀಳುತ್ತದೆ.

ಇದು ಒಣನೆಲದಲ್ಲಿ ಯಾಕೆ ಅಷ್ಟು ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರಳು ಒಣಗಿದಷ್ಟೂ ಅರ್ತ್ ರಾಡಿನ ಪ್ರತಿರೋಧ ಏರುತ್ತದೆ. ಸರಬರಾಜಿನ ಕಡೆಯಿಂದ ಅರ್ತ್ ವೈರ್ ಬರದೆ, ಮನೆಯ ಸ್ವಂತ ರಾಡನ್ನೇ ನಂಬಿದ್ದೀರಿ, ಅದರ ಪ್ರತಿರೋಧ 100 ಓಮ್ ಎಂದಿಟ್ಟುಕೊಳ್ಳಿ. ಕೂಲರಿನ ತಗಡಿಗೆ ಫೇಸ್ ತಗುಲಿದರೆ 230 ವೋಲ್ಟಿನಲ್ಲಿ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 2.3 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದನ್ನು ಸಾಮಾನ್ಯ ಲೋಡ್ ಎಂದೇ ತಿಳಿದು ಸುಮ್ಮನಿರುತ್ತದೆ. ತಗಡಿನ ಮೈಯಲ್ಲಿ ಕರೆಂಟು ಹಾಗೆಯೇ ಕಾದು ಕುಳಿತಿರುತ್ತದೆ. ಆರ್‌ಸಿಬಿಒಗೆ ಮಾತ್ರ ಇದರ ಎಪ್ಪತ್ತೈದನೆಯ ಒಂದು ಪಾಲು ಸೋರಿದರೂ ಸಾಕು. ‘ಅರ್ತಿಂಗ್ ಇದೆಯಲ್ಲ’ ಎಂದು ನೆಮ್ಮದಿಯಿಂದಿರುವ ಹಳೆಯ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಹಾಕಿ ತೋರಿಸುವುದಿಲ್ಲ.

ನಮ್ಮಲ್ಲಿ ಇದು ಬರೀ ಲೆಕ್ಕವಾಗಿ ಉಳಿಯಲಿಲ್ಲ. ಒಂದು ಬೇಸಿಗೆಯಲ್ಲಿ ಕೂಲರ್ ಲೈನಿನ ಆರ್‌ಸಿಬಿಒ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಎಲೆಕ್ಟ್ರಿಷಿಯನ್ ಬಂದು ಕೂಲರಿನ ಬದಿ ಬಿಚ್ಚಿದ. ನೀರೆತ್ತುವ ಪಂಪಿನ ವೈರಿನ ಜಾಯಿಂಟಿಗೆ ಸುತ್ತಿದ್ದ ಟೇಪು ಬಿಸಿಲಿಗೆ ಒಣಗಿ ಸುರುಳಿ ಬಿಚ್ಚಿಕೊಂಡಿತ್ತು. ಗಡಸು ನೀರಿನ ಬಿಳಿಯ ಉಪ್ಪು ಜಾಯಿಂಟಿನಿಂದ ತಗಡಿನವರೆಗೆ ಹೆಪ್ಪುಗಟ್ಟಿ, ಕರೆಂಟಿಗೆ ದಾರಿ ಮಾಡಿಕೊಟ್ಟಿತ್ತು. “ಹಳೆಯ ಫ್ಯೂಸ್ ಆಗಿದ್ದರೆ ಇದು ನಿಮಗೆ ಕೈಯಲ್ಲೇ ಗೊತ್ತಾಗುತ್ತಿತ್ತು ಸಾರ್” ಎಂದ. ಅಷ್ಟೂ ಹೊತ್ತು ಫ್ರಿಜ್, ಫ್ಯಾನು, ದೀಪ ಯಾವುದೂ ನಿಲ್ಲಲಿಲ್ಲ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿಸುವುದು ಅಗ್ಗವೇನೋ ಹೌದು. ಆದರೆ ಉರಿಬಿಸಿಲಿನಲ್ಲಿ ಮನೆಯೆಲ್ಲ ಕರೆಂಟು ಹೋದರೆ, ಯಾರಾದರೂ ಬೇಸತ್ತು ಅದನ್ನು ಬೈಪಾಸ್ ಮಾಡಿಸುವ ದಿನ ದೂರವಿರುವುದಿಲ್ಲ.

ಇನ್ನು ತಾಪತ್ರಯದ ಮಾತು. ಹಳೆಯ ವೈರಿಂಗಿನಲ್ಲಿ ನ್ಯೂಟ್ರಲ್‌ಗಳು ಕಲಸುಮೇಲೋಗರವಾಗಿರುತ್ತವೆ. ಒಂದು ಕೋಣೆಯ ದೀಪಕ್ಕೆ ಫೇಸ್ ಒಂದು ಸರ್ಕ್ಯೂಟಿನಿಂದ, ನ್ಯೂಟ್ರಲ್ ಪಕ್ಕದ ಕೋಣೆಯಿಂದ. ಫ್ಯೂಸಿನ ಕಾಲದಲ್ಲಿ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆರ್‌ಸಿಬಿಒ ಹಾಕಿದೊಡನೆ ಒಂದು ಸ್ವಿಚ್ ಒತ್ತಿದರೆ ಎರಡು ಸರ್ಕ್ಯೂಟ್ ಬೀಳತೊಡಗುತ್ತವೆ. ಬೋರ್ಡ್ ಕೂರಿಸುವುದಕ್ಕಿಂತ ಈ ಗಂಟು ಬಿಡಿಸುವುದಕ್ಕೇ ಹೆಚ್ಚು ಕೂಲಿ ತೆತ್ತಿದ್ದೇನೆ. ಅಂದಾಜು ಕೇಳುವಾಗಲೇ ನ್ಯೂಟ್ರಲ್ ಬೇರ್ಪಡಿಸುವ ಕೆಲಸವೂ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ. ಎಲ್ಲ ಲೈನುಗಳಿಗೂ ಮೆಗ್ಗರ್ (ಇನ್ಸುಲೇಷನ್ನಿನ ಪ್ರತಿರೋಧ ಅಳೆಯುವ ಮೀಟರ್) ಹಿಡಿದು ಇನ್ಸುಲೇಷನ್ ಪರೀಕ್ಷಿಸಿ, ಅಂಕಿಗಳನ್ನು ಬರೆದುಕೊಡದವನಿಗೆ ಕೆಲಸ ಕೊಡಬೇಡಿ.

ವೈರಿನ ವಿಷಯಕ್ಕೆ ಬಂದರೆ, ಪಟ್ಟಿಗಳಲ್ಲಿ ಕಾಣುವ ಆಂಪಿಯರ್ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ ಗಾಳಿಗೆ ಹಾಕಿದ್ದು. ಪೈಪಿನೊಳಗಿನ 2.5 ಚದರ ಮಿಲಿಮೀಟರಿನ ಪಿವಿಸಿ ತಾಮ್ರದ ವೈರು ಅಲ್ಲಿ 24 ಆಂಪಿಯರ್ ತಾಳುತ್ತದೆ. ಸುತ್ತಲಿನ ಗಾಳಿ 50 ಡಿಗ್ರಿಯಾದರೆ ಅದನ್ನು 0.71ರಿಂದ ಗುಣಿಸಬೇಕು: ಉಳಿಯುವುದು 17. ಕಾದ ಚಾವಣಿಯ ಕೆಳಗೆ ಆ ಶಾಖ ಅಪರೂಪವೇನಲ್ಲ. ಅಂಥ ಕಡೆ 20 ಆಂಪಿಯರಿನ ಬ್ರೇಕರ್ ವೈರನ್ನು ಕಾಯುತ್ತದೆ ಎಂಬುದು ಬರೀ ಭ್ರಮೆ. ಏಸಿ ಲೈನನ್ನು 4 ಚದರ ಮಿಲಿಮೀಟರಿಗೆ ಏರಿಸಿದ ಮೇಲೆ ಸಾಕೆಟ್ ಬಿಸಿಯಾಗುವುದು ನಿಂತಿತು.

ಬ್ರೇಕರ್‌ಗಳೂ 30 ಡಿಗ್ರಿಗೇ ಹೊಂದಿಸಿದವು. ಬಿಸಿ ಡಬ್ಬಿಯೊಳಗೆ ಅವು ನಮೂದಿಸಿದ್ದಕ್ಕಿಂತ ಕಡಿಮೆ ಕರೆಂಟಿಗೇ ಬೀಳುತ್ತವೆ. ಪಡುವಣ ಗೋಡೆಯಲ್ಲಿದ್ದ ಬೋರ್ಡನ್ನು ಒಳಗಿನ ನೆರಳಿನ ಗೋಡೆಗೆ ಸರಿಸಿ, ಭಾರಿ ಲೋಡಿನ ಬ್ರೇಕರ್‌ಗಳ ನಡುವೆ ಒಂದೊಂದು ಬ್ರೇಕರಿನ ಜಾಗ ಖಾಲಿ ಬಿಡಿಸಿದ್ದು ಫಲ ಕೊಟ್ಟಿದೆ.

ಸರ್ಜ್ ಪ್ರೊಟೆಕ್ಟರಿಗೆ ಅರ್ಧ ಅಂಕ. ಕೆಲಸ ಮಾಡುತ್ತದೆ, ಆದರೆ ಸವೆಯುವ ವಸ್ತು. ಹಸಿರು ಕಿಂಡಿ ಕೆಂಪಾದರೆ ಕಾರ್ಟ್ರಿಜ್ ಬದಲಿಸಲೇಬೇಕು. ನಮ್ಮದು ಒಮ್ಮೆ ಕೆಂಪಾಗಿದೆ. ಅದರ ವೈರುಗಳು ಒಟ್ಟು ಅರ್ಧ ಮೀಟರಿಗಿಂತ ಉದ್ದವಿದ್ದರೆ ಉಪಯೋಗ ಕುಗ್ಗುತ್ತದೆ. ಇದನ್ನು ಹೇಳುವ ಅಂಗಡಿಯವರು ಕಡಿಮೆ.

ಹೊಸ ಅರ್ತ್ ರಾಡಿನಿಂದ ನನಗೆ ನಿರಾಸೆಯೇ. ಹಾಕಿದ ಚಳಿಗಾಲದಲ್ಲಿ ತೋರಿಸಿದ ಪ್ರತಿರೋಧದ ಅಂಕಿ ಬೇಸಿಗೆಗೆ ಎಷ್ಟೋ ಮೇಲೇರಿತ್ತು. ಉಪ್ಪು, ಇದ್ದಿಲು ಸುರಿಯುವ ಹಳೆಯ ಪದ್ಧತಿಯಲ್ಲಿ ಉಪ್ಪು ರಾಡನ್ನೇ ತಿನ್ನುತ್ತದೆ. ನೀರು ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ವಾಸಿ, ಅದೂ ಪೂರ್ತಿ ಒಣಗಿದರೆ ಕುಗ್ಗಿ ರಾಡಿನಿಂದ ಬಿಡಿಸಿಕೊಳ್ಳುತ್ತದೆ. ಆಳಕ್ಕೆ ಇಳಿಸಿ ತೇವ ಮುಟ್ಟುವುದೇ ಸರಿಯಾದ ದಾರಿ.

ಆರ್‌ಸಿಬಿಒಗಳಲ್ಲಿ ಒಂದು, ಟೆಸ್ಟ್ ಬಟನ್ ಒತ್ತಿದರೂ ಬೀಳದೆ ಹಟ ಹಿಡಿಯಿತು. ವಾರಂಟಿಯಲ್ಲಿ ಬದಲಿಸಿಕೊಟ್ಟರು, ಆದರೆ ತುಂಬಾ ಕಾಯಿಸಿದರು. ಅಲ್ಲಿಯವರೆಗೆ ಆ ಲೈನ್ ಬಂದ್. ಒತ್ತಿ ನೋಡದಿದ್ದರೆ ಅದು ಕೆಟ್ಟಿದ್ದು ಗೊತ್ತಾಗುತ್ತಲೇ ಇರಲಿಲ್ಲ. ಆ ಬಟನ್ ಪರೀಕ್ಷಿಸುವುದು ಸಾಧನವನ್ನು ಮಾತ್ರ, ಅರ್ತಿಂಗನ್ನಲ್ಲ. ಕೊಳ್ಳುವಾಗ ಟೈಪ್ ಎ ಕೇಳಿ ಪಡೆಯಿರಿ: ಇನ್ವರ್ಟರ್ ಏಸಿ, ವಾಷಿಂಗ್ ಮೆಷಿನ್‌ಗಳ ಎಲೆಕ್ಟ್ರಾನಿಕ್ಸ್‌ನಿಂದ ಸೋರುವ ಏರಿಳಿತದ ಡಿಸಿ ಕರೆಂಟನ್ನು ಹಳೆಯ ಬಗೆಯವು ಹಿಡಿಯದೆ ಹೋಗಬಹುದು. ಪ್ರತಿ ವರ್ಷ ಬೇಸಿಗೆಗೆ ಮುನ್ನ ಮೇನ್ ಆಫ್ ಮಾಡಿಸಿ, ಡಬ್ಬಿಯ ದೂಳು ತೆಗೆಸಿ, ಸ್ಕ್ರೂಗಳನ್ನು ಬಿಗಿ ಮಾಡಿಸುತ್ತೇನೆ. ಹಗಲಿನ ಕಾವಿಗೂ ಇರುಳಿನ ತಂಪಿಗೂ ಹಿಗ್ಗಿ ಕುಗ್ಗಿ ಒಂದೆರಡಾದರೂ ಸಡಿಲವಾಗಿರುತ್ತವೆ, ಹೆಚ್ಚಾಗಿ ನ್ಯೂಟ್ರಲ್ ಪಟ್ಟಿಯಲ್ಲಿ.