ದಿವಾಳಿ ಅರ್ಜಿಗೆ ಮುನ್ನ ನನ್ನ ಸಂಬಳ, ನನ್ನ ಹೂವು: ಉಡುಪಿಯ ಒಂದು ಲೆಕ್ಕದ ಕಚೇರಿಯ ಅನುಭವ

ಉಡುಪಿಯ ನ್ಯಾಯಾಲಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಲೆಕ್ಕದ ಕಚೇರಿಗೆ ನಾನೂ ನಮ್ಮ ಯಜಮಾನರೂ ಐದು ತಿಂಗಳು ಅಲೆದೆವು. ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅವರ ವ್ಯಾಪಾರ ನಿಂತುಹೋಗಿ, ಬ್ಯಾಂಕಿನ ಸಾಲ, ಸೊಸೈಟಿಯ ಸಾಲ, ಕೈಸಾಲ ಎಲ್ಲ ಸೇರಿ 23 ಲಕ್ಷ ದಾಟಿದಾಗ, ದಿವಾಳಿ ಅರ್ಜಿ ಹಾಕುವ ಮೊದಲು ಲೆಕ್ಕಪತ್ರವನ್ನು ಸರಿಮಾಡಿಸಿಕೊಂಡು ಬನ್ನಿ ಎಂದು ವಕೀಲರೇ ನಮ್ಮನ್ನು ಅಲ್ಲಿಗೆ ಕಳುಹಿಸಿದ್ದರು. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ, ಊರೂ ಸಣ್ಣದಾದ್ದರಿಂದ, ಕಚೇರಿಯ ಹೆಸರನ್ನು ಬರೆಯುವುದಿಲ್ಲ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮವರಂಥ ಸ್ವಂತ ವ್ಯಾಪಾರದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ಸಾಲ 500 ರೂಪಾಯಿ ಮುಟ್ಟಿದರೆ ಅರ್ಜಿ ಹಾಕಬಹುದೆಂದು ಅದರಲ್ಲಿ ಬರೆದಿದೆ. ಇಂದು ಆ ಹಣ ಒಂದು ಚಪ್ಪರದ ಹಗ್ಗಕ್ಕೂ ಸಾಲದು. ಅರ್ಜಿಯಲ್ಲಿ ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ, ಅರ್ಜಿದಾರನ ಆಸ್ತಿಯ ವಿವರ ಮತ್ತು ಬೆಲೆ, ಎಲ್ಲವೂ ಇರಬೇಕು. ಜೊತೆಗೆ, ಸಾಲ ತೀರಿಸುವ ಶಕ್ತಿ ತನಗಿಲ್ಲವೆಂಬುದನ್ನು ಅವನೇ ತೋರಿಸಬೇಕು. ಹೆಂಡತಿಯ ದುಡಿಮೆಯ ಪ್ರಶ್ನೆ ಬರುವುದು ಇಲ್ಲಿಯೇ.

ಕಚೇರಿಯ ಹಿರಿಯರು ನಮ್ಮವರನ್ನು ಬಿಟ್ಟು ಮೊದಲು ನನ್ನ ಕಡೆಗೆ ತಿರುಗಿ, "ಟೀಚರೇ, ನೀವು ಎಲ್ಲಿಯಾದರೂ ಜಾಮೀನು ಸಹಿ ಹಾಕಿದ್ದುಂಟೋ?" ಎಂದು ಕೇಳಿದರು. ಸೊಸೈಟಿಯ 2 ಲಕ್ಷದ ಸಾಲಕ್ಕೆ ಹಾಕಿದ್ದೆ, ಮರೆತೂ ಬಿಟ್ಟಿದ್ದೆ. ನಾಳೆ ಗಂಡನಿಗೆ ನ್ಯಾಯಾಲಯ ಋಣಮುಕ್ತಿ ಕೊಟ್ಟರೂ ಜಾಮೀನು ನಿಂತವರಿಗೆ ಅದರಿಂದ ಬಿಡುಗಡೆ ಇಲ್ಲವೆಂದು ಅವರು 1920ರ ಕಾಯಿದೆಯ 44ನೇ ಕಲಮನ್ನು ತೆರೆದು ತೋರಿಸಿದರು. ಉಳಿದ ಸಾಲಗಳು ಯಾವುವೂ ನನ್ನವಲ್ಲ, ನನ್ನ ಸಂಬಳವನ್ನು ಅವುಗಳಿಗಾಗಿ ಯಾರೂ ಮುಟ್ಟುವಂತಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಎರಡು ವರ್ಷದಿಂದ ಯಾರೂ ನನಗೆ ಇದನ್ನು ಬಿಡಿಸಿ ಹೇಳಿರಲಿಲ್ಲ.

ಮನೆಯ ಲೆಕ್ಕವನ್ನು ಅವರು ಕಟ್ಟಿದ ರೀತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ನಾವು ಬರೆದುಕೊಂಡು ಹೋಗಿದ್ದ ಹಾಳೆಯಲ್ಲಿ ನನ್ನ 21,000 ರೂಪಾಯಿ ಸಂಬಳವನ್ನೂ, ಈಗ ಬೇರೆಯವರ ಕೈಕೆಳಗೆ ಅಡುಗೆ ಕೆಲಸಕ್ಕೆ ಹೋಗುವ ನಮ್ಮವರ ತಿಂಗಳಿಗೆ ಸರಾಸರಿ 14,000 ರೂಪಾಯಿಯನ್ನೂ ಕೂಡಿಸಿ "ಕುಟುಂಬದ ಆದಾಯ" ಎಂದಿದ್ದೆವು. ಹೀಗೆ ಕೂಡಿಸಿದರೆ ನನ್ನ ದುಡ್ಡೆಲ್ಲ ಅವರ ಸಾಲಕ್ಕೆ ಲಭ್ಯವಿದೆ ಎಂಬ ಅರ್ಥ ಬರುತ್ತದೆ. ನನ್ನ ಸಂಬಳವನ್ನು ಪೂರ್ತಿ ಬಿಟ್ಟರೆ, 14,000 ದುಡಿಯುವವನ ಮನೆಯಲ್ಲಿ 34,400 ಖರ್ಚು ಹೇಗಾಗುತ್ತದೆ, ಉಳಿದ ಹಣವನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಎದುರಿನ ವಕೀಲರು ಕೇಳದೆ ಇರುವುದಿಲ್ಲ. ಆದ್ದರಿಂದ ಅವರು ಹನ್ನೆರಡು ತಿಂಗಳ ಪಾಸ್‌ಬುಕ್, ಹಾಲಿನ ಲೆಕ್ಕ, ಮೆಸ್ಕಾಂ ಬಿಲ್ಲು, ಮಗಳ ಶುಲ್ಕದ ರಸೀದಿಗಳನ್ನು ಮುಂದಿಟ್ಟುಕೊಂಡು, ನನ್ನ ಸಂಬಳದಲ್ಲಿ ಮನೆಖರ್ಚಿಗೆ ನಿಜವಾಗಿ ಹೋದದ್ದನ್ನು ಮಾತ್ರ ಬೇರೆ ಕಾಲಮಿನಲ್ಲಿ ಬರೆದರು: ತಿಂಗಳಿಗೆ 13,500. ಉಳಿದದ್ದು ನನ್ನ ಬಸ್ಸು, ನನ್ನ ತಾಯಿಯ ಔಷಧಿ, ಸೊಸೈಟಿಯ ಕಂತು. ಅದು ನಮ್ಮವರ ಪಟ್ಟಿಗೆ ಸೇರುವ ವಿಷಯವೇ ಅಲ್ಲ.

ಇನ್ನು ಹೂವಿನ ಸಂಗತಿ. ನಮ್ಮದು ಶಂಕರಪುರದ ಕಡೆ. ಅಂಗಳದಾಚೆ ಮಲ್ಲಿಗೆಯ ನಲವತ್ತು ಗಿಡಗಳಿವೆ. ಬೆಳಗಾಗುವ ಮೊದಲು ನಾನೂ ಅತ್ತೆಯವರೂ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತೇವೆ. ಹೂವಿನವರು ಆ ದಿನದ ಕಟ್ಟೆಯ ದರವನ್ನು, ಅಂದರೆ ಹೂವಿನ ಮಾರುಕಟ್ಟೆಯ ದರವನ್ನು, ಅಂಗೈಯಗಲದ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇವತ್ತು ಅಟ್ಟೆಗೆ 250 ಇದ್ದ ದರ ಮದುವೆ ಮುಹೂರ್ತದ ದಿನ ಸಾವಿರ ದಾಟುತ್ತದೆ. ದರ ಏರಿದ ದಿನವೇ ಗಿಡದಲ್ಲಿ ಮೊಗ್ಗಿರುವುದಿಲ್ಲ. ಇಂಥ ಆದಾಯಕ್ಕೆ ಒಂದು ತಿಂಗಳ ಅಂಕಿಯನ್ನು ಹನ್ನೆರಡರಿಂದ ಗುಣಿಸುವುದು ತಪ್ಪೆಂದು ಹೇಳಿ, ಹಿರಿಯರು ಪುಸ್ತಕದ ಪ್ರತಿ ಪುಟವನ್ನೂ ಕೂಡಿಸಿ ತಿಂಗಳ ಸರಾಸರಿ 4,900 ಎಂದು ತೆಗೆದರು. ಅದಕ್ಕಿಂತ ಮುಖ್ಯವಾಗಿ, ಗಿಡಗಳಿರುವ ಜಾಗ ಯಾರದ್ದೆಂದು ಕೇಳಿದರು. ನಮ್ಮವರದ್ದಾಗಿದ್ದರೆ ಹೂವಿನ ಆದಾಯ ಅವರದ್ದೆಂದು ವಾದಿಸಲು ಸಾಲ ಕೊಟ್ಟವರಿಗೆ ದಾರಿಯಾಗುತ್ತಿತ್ತು. ಜಾಗದ ಆರ್‌ಟಿಸಿ ಅತ್ತೆಯವರ ಹೆಸರಿನಲ್ಲಿದೆ. ಅದರ ಪ್ರತಿಯನ್ನೂ ಲಗತ್ತಿಸಿದರು.

ಬೆರಳಚ್ಚು ಮಾಡಿದ ಹುಡುಗ ಘಟ್ಟದ ಮೇಲಿನವನಿರಬೇಕು. ಮೊದಲ ಕರಡಿನಲ್ಲಿ "ಅಟ್ಟೆ" ಎಂದಿರಬೇಕಾದಲ್ಲೆಲ್ಲ "ಅತ್ತೆ" ಎಂದು ಬಂದಿತ್ತು: "ಅತ್ತೆ 2, ದರ 640." ನಮ್ಮ ಅತ್ತೆಯವರು ಅದನ್ನು ಓದಿಸಿಕೊಂಡು, ತಮ್ಮ ಬೆಲೆ ಅಷ್ಟೇ ಆಯಿತೇ ಎಂದು ಕೇಳಿದರು. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ದಿನ.

14,000, 13,500, 4,900 ಕೂಡಿಸಿದರೆ 32,400. ಖರ್ಚಿಗೂ ಅದಕ್ಕೂ ನಡುವೆ 2,000 ರೂಪಾಯಿಯ ಅಂತರ ಉಳಿದದ್ದನ್ನು "ಇತರೆ" ಎಂದು ಮುಚ್ಚಿಬಿಡಲು ಅವರು ಒಪ್ಪಲಿಲ್ಲ. ಅದು ಅತ್ತೆಯವರ ಖಾತೆಗೆ ಬರುವ ಗೃಹಲಕ್ಷ್ಮಿಯ ಹಣವೆಂದು ಗೊತ್ತಾಗುವವರೆಗೆ ನಮ್ಮನ್ನು ಬಿಡಲೂ ಇಲ್ಲ.

ಚಿನ್ನದ ವಿಷಯದಲ್ಲಿ ಅವರ ಎಚ್ಚರಿಕೆ ನಮಗೆ ದೊಡ್ಡ ಉಪಕಾರವಾಯಿತು. ನನ್ನ ನಾಲ್ಕು ಬಳೆಗಳನ್ನು ಅಡವಿಟ್ಟ ಚೀಟಿ ನಮ್ಮವರ ಹೆಸರಿನಲ್ಲಿತ್ತು; ಹಾಗೆಯೇ ಬಿಟ್ಟಿದ್ದರೆ ಬಳೆಗಳೂ ಅವರ ಆಸ್ತಿಯಾಗಿ ಕಾಣುತ್ತಿದ್ದವು. ಸ್ತ್ರೀಧನ ಹೆಂಡತಿಯ ಸ್ವಂತದ್ದೆಂದು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆಯೆಂದು ತಿಳಿಸಿ, ತವರಿನವರು ಕೊಂಡ ಬಿಲ್ಲನ್ನೂ ಮದುವೆಯ ಫೋಟೋವನ್ನೂ ತರಿಸಿ ಪ್ರತ್ಯೇಕ ಟಿಪ್ಪಣಿ ಬರೆದರು. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕರಿಮಣಿ ಇವು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಹೇಗೂ ಜಪ್ತಿಗೆ ಒಳಪಡುವುದಿಲ್ಲ. ಮನೆಯ ಪಾತ್ರೆಗಳಿಗೆ ಮಾತ್ರ ಈ ರಕ್ಷಣೆ. ಬಾಡಿಗೆಯ ಕಡಾಯಿಗಳೆಲ್ಲ ಪಟ್ಟಿಗೆ ಹೋದವು.

ಓಮ್ನಿ ವ್ಯಾನನ್ನು ನನ್ನ ಹೆಸರಿಗೆ ಮಾಡಿಸಿಬಿಡಿ ಎಂದು ಭಾವ ಸೂಚಿಸಿದ್ದರು. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಸರಿಯಾದ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯನ್ನು ದಿವಾಳಿ ಕಾಯಿದೆಯ 53ನೇ ಕಲಮಿನಡಿ ರದ್ದುಪಡಿಸಬಹುದು ಎಂದು ಹಿರಿಯರು ಅಲ್ಲಿಯೇ ತಡೆದರು. ಕಡಾಯಿ ಕೊಳ್ಳಲು ನಾನು ಕೊಟ್ಟಿದ್ದ 1,40,000 ರೂಪಾಯಿಯನ್ನು ಸಾಲವೆಂದು ತೋರಿಸಿ ನನ್ನನ್ನೂ ಸಾಲ ಕೊಟ್ಟವರ ಪಟ್ಟಿಗೆ ಸೇರಿಸಿ ಎಂದಾಗ, ಕಾಗದವಿಲ್ಲದೆ ಸೇರಿಸುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಆದರೂ ಆ ದಿನ ಬಸ್ಸಿನಲ್ಲಿ ಕಾಪುವಿನ ತನಕ ನಾನು ಯಾರೊಡನೆಯೂ ಮಾತನಾಡಲಿಲ್ಲ.

ದೂರುಗಳಿಗೆ ಬರುತ್ತೇನೆ. ಬಾಯಿಮಾತಿನಲ್ಲಿ 12,000 ಎಂದಿದ್ದ ಶುಲ್ಕ, ಪ್ರಮಾಣಪತ್ರ, ಬೆರಳಚ್ಚು, ಹೆಚ್ಚುವರಿ ಪ್ರತಿ ಎನ್ನುತ್ತ ಕೊನೆಗೆ 17,500 ಆಯಿತು. ದಿವಾಳಿಯಾಗುತ್ತಿರುವವರಿಗೆ ಶುಲ್ಕವನ್ನು ಮೊದಲೇ ಬರೆದುಕೊಡುವ ಮರ್ಯಾದೆ ಇರಬೇಕಿತ್ತು. ಮೊದಲ ಕರಡು ಪೂರ್ತಿ ಇಂಗ್ಲಿಷಿನಲ್ಲಿತ್ತು. ತಾನು ಸಹಿ ಹಾಕುವ ಪಟ್ಟಿಯನ್ನು ನಮ್ಮವರು ಓದಲಾರರೆಂದು ಮೂರು ಬಾರಿ ಹೇಳಿದ ಮೇಲೆ ಕನ್ನಡದ ಪ್ರತಿ ಬಂತು. ತವರಿನಿಂದ ಬರುವ ಕುಚ್ಚಲಕ್ಕಿ, ತೆಂಗಿನಕಾಯಿಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾಲ್ಕು ಜನರ ಮನೆಗೆ ಅಕ್ಕಿಯ ಖರ್ಚು ಇಷ್ಟು ಕಡಿಮೆ ಹೇಗೆ ಎಂಬ ಪ್ರಶ್ನೆ ಬಂದರೆ ಉತ್ತರ ಅದರಲ್ಲಿರುವುದರಿಂದ, ವಾದಿಸಿ ಒಂದು ಸಾಲು ಬರೆಸಿದೆ. ಹಿರಿಯರು ಇಲ್ಲದ ದಿನ ಆ ಕಚೇರಿಗೆ ಹೋಗುವುದು ವ್ಯರ್ಥ. ಹುಡುಗರಿಗೆ ನಮ್ಮ ಕಡತ ಯಾವುದೆಂಬುದೇ ತಿಳಿದಿರುವುದಿಲ್ಲ.

ಇಷ್ಟರ ಮೇಲೂ, ಇದೇ ಸಂಕಟದಲ್ಲಿರುವ ಗಂಡ ಹೆಂಡಿರು ಕೇಳಿದರೆ ಕಚೇರಿಯ ದಾರಿ ತೋರಿಸುತ್ತೇನೆ; ಇಬ್ಬರೂ ಒಟ್ಟಿಗೆ ಹೋಗಿ, ಮೂಲಪ್ರತಿಗಳನ್ನು ಮಾತ್ರ ಬಿಟ್ಟುಬರಬೇಡಿ ಎನ್ನುತ್ತೇನೆ. ಅರ್ಜಿ ದಾಖಲಾಗಿ ಆರು ವಾರವಾಯಿತು. ಹೂವಿನ ಪುಸ್ತಕ ಇನ್ನೂ ಅವರ ಕಪಾಟಿನಲ್ಲಿಯೇ ಇದೆ. ಬರುವ ಗುರುವಾರ ಹುಡುಕಿ ಕೊಡುತ್ತಾರಂತೆ. ಅಲ್ಲಿಯವರೆಗೆ ಹೂವಿನವರು ದಿನದ ದರವನ್ನು ಬೆಂಕಿಪೊಟ್ಟಣದ ರಟ್ಟಿನ ಮೇಲೆ ಬರೆದುಕೊಡುತ್ತಿದ್ದಾರೆ, ಅತ್ತೆಯವರು ಅವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಡುತ್ತಿದ್ದಾರೆ.