ಒಂದೇ ಔಷಧ, ಎರಡು ಪ್ಯಾಚ್: ಅವ್ವನ ಮಂಡಿ ಹೇಳಿದ್ದು

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಇಳಿಜಾರು ಜಾಸ್ತಿ. ಹತ್ತಿ ಇಳಿದು ಅವ್ವನ ಮಂಡಿ ಸವೆದಿದೆ. ಗುಳಿಗೆ ನುಂಗಿದರೆ ಹೊಟ್ಟೆ ಉರಿ ಅಂತಾಳೆ. ಅದಕ್ಕೇ ಡಾಕ್ಟರು ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧದ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸುವ ಪಟ್ಟಿ, ಬರೆದುಕೊಟ್ಟರು.

ಜೂನ್‌ನಲ್ಲಿ ಒಂದು ಕಂಪನಿಯದು ತಂದೆ. ಜುಲೈನಲ್ಲಿ ಅದು ಸಿಗಲಿಲ್ಲ, ಡಾಕ್ಟರನ್ನು ಕೇಳಿ ಇನ್ನೊಂದು ತಂದೆ. ಎರಡರಲ್ಲೂ ಔಷಧ 200 ಮಿ.ಗ್ರಾಂ. ಎರಡೂ ದಿನಕ್ಕೊಂದು. ಆದರೂ ಮಂಡಿಯ ಮೇಲೆ ಎರಡೂ ಬೇರೆ ಬೇರೆ ಥರ.

ಮೊದಲನೆಯದು ತೆಳ್ಳಗೆ, ನೋಡೋಕೆ ಚೆಂದ. ಅವ್ವ ಬೆಳಿಗ್ಗೆ ಅಂಟಿಸಿಕೊಂಡು, ಮಳೆಗೆ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋದಳು. ಅರ್ಧ ಗಂಟೆಯಲ್ಲೇ ನೋವು ತಗ್ಗಿತು ಅಂದಳು. ಮಧ್ಯಾಹ್ನ ಊಟಕ್ಕೆ ಬರುವಾಗ ಅಂಚೆಲ್ಲ ಊದಿ ಬೆಳ್ಳಗಾಗಿ ಸುರುಳಿ ಸುತ್ತಿತ್ತು. "ಇದು ನಿಲ್ಲೋದೇ ಇಲ್ಲ ಕಣೇ" ಅಂತ ಕಿತ್ತು ಕೈಗೆ ಕೊಟ್ಟಳು.

ನಾನು ಹಾಸನದಲ್ಲಿ ಬಿ.ಫಾರ್ಮ್ ಓದುವಾಗ ಪ್ರಾಜೆಕ್ಟಿಗೆ ಪ್ಯಾಚ್‌ನಲ್ಲಿ ಔಷಧ ಹಿಡಿದಿಡುವ ಇಂಥ ತೆಳು ಪೊರೆಗಳನ್ನೇ ಮಾಡಿದ್ದು. ಪಾಲಿಮರ್, ಅಂದರೆ ಒಣಗಿದಾಗ ಪೊರೆ ಕಟ್ಟುವ ವಸ್ತು, ಕರಗಿಸಿ, ಪೆಟ್ರಿ ಡಿಶ್ ಅನ್ನೋ ಚಪ್ಪಟೆ ತಟ್ಟೆಗೆ ಹುಯ್ದು ಒಣಗಿಸುತ್ತಿದ್ದೆವು. ಎಚ್‌ಪಿಎಂಸಿ, ಪಿವಿಪಿ ಅನ್ನೋ ಪಾಲಿಮರ್‌ಗಳು ನೀರನ್ನು ಇಷ್ಟಪಡುವಂಥವು. ಜಾಸ್ತಿ ಹಾಕಿದರೆ ಔಷಧ ಬೇಗ ಬಿಡುತ್ತದೆ, ಆದರೆ ಪೊರೆ ಗಾಳಿಯ ತೇವವನ್ನೂ ಹೀರಿ ಮೆತ್ತಗಾಗುತ್ತದೆ. ಈಥೈಲ್ ಸೆಲ್ಯುಲೋಸ್ ಅನ್ನೋ ಪಾಲಿಮರ್ ನೀರಿಗೆ ಜಗ್ಗುವುದಿಲ್ಲ. ಅದು ಸೇರಿದರೆ ಔಷಧ ನಿಧಾನ, ಪೊರೆ ಗಟ್ಟಿ. ಮೆತುವಾಗಿ ಬಾಗಲಿ ಅಂತ ಗ್ಲಿಸರಿನ್ನೋ, ಪಿಇಜಿ 400 ಅನ್ನೋ ಇನ್ನೊಂದು ದ್ರವವೋ ಹಾಕಬೇಕು. ಕಡಿಮೆಯಾದರೆ ಹಪ್ಪಳದ ಹಾಗೆ ಮುರಿಯುತ್ತದೆ, ಹೆಚ್ಚಾದರೆ ಹಲಸಿನ ಮೇಣ. ಒಂದೇ ಜಾಗದಲ್ಲಿ ಮಡಚಿ ಬಿಚ್ಚಿ, ಎಷ್ಟನೇ ಸಲಕ್ಕೆ ಹರಿಯುತ್ತದೆ ಅಂತ ಎಣಿಸುತ್ತಿದ್ದೆವು. 300 ದಾಟಿದರೆ ನಮಗೆ ಖುಷಿ. ಮಂಡಿಗೆ ಅಂಟಿಸುವ ಪ್ಯಾಚ್‌ಗೆ ಆ ಪರೀಕ್ಷೆ ಎಷ್ಟು ಮುಖ್ಯ ಅಲ್ವಾ! ತೋಟದಲ್ಲಿ ಅವ್ವ ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾಳೋ.

ಮೊದಲನೆಯದರಲ್ಲಿ ನೀರು ಹೀರುವ ಪಾಲಿಮರ್ ಜಾಸ್ತಿ ಇತ್ತು ಅನ್ನೋದು ನನ್ನ ಅನುಮಾನ. ಖಾತ್ರಿ ಮಾಡಿಕೊಳ್ಳೋಣ ಅಂದರೆ ಬಾಕ್ಸಿನ ಮೇಲೆ ಬರೆದಿರುವುದು "ಎಕ್ಸಿಪಿಯೆಂಟ್ಸ್ ಕ್ಯೂ.ಎಸ್." ಅಷ್ಟೇ. ಅಂದರೆ ಔಷಧ ಬಿಟ್ಟು ಉಳಿದ ಸಾಮಗ್ರಿಯನ್ನು ಬೇಕಾದಷ್ಟು ಹಾಕಿದ್ದೇವೆ ಅಂತ. ಇದು ನನಗೆ ನಿಜವಾಗಿ ಬೇಸರ. ಪ್ಯಾಚ್ ನಿಲ್ಲುತ್ತದೋ ಬಿಡುತ್ತದೋ ಅನ್ನೋದು ಆ ಮಿಶ್ರಣದಲ್ಲೇ ಇದೆ, ಅದನ್ನೇ ಬರೆಯದಿದ್ದರೆ ಹೇಗೆ?

ಎರಡನೆಯದು ಸ್ವಲ್ಪ ದಪ್ಪ. ಹಿಂದೆ ಬಟ್ಟೆಯ ಹಾಗಿನ ಪದರ. ನೋವು ತಗ್ಗೋಕೆ ಎರಡು ಗಂಟೆ ಬೇಕಾಯಿತು. ಆದರೆ ಮಳೆ, ಬೆವರು, ಗದ್ದೆಬದಿಯ ಕೆಸರು ಎಲ್ಲ ದಾಟಿ ಮಾರನೇ ಬೆಳಿಗ್ಗೆವರೆಗೂ ಕೂತಿತ್ತು. ಮಂಡಿ ಮಡಚಿದ ಕಡೆ ಒಂದು ಬಿರುಕಿಲ್ಲ. ಕೀಳುವಾಗ ಚರ್ಮ ಸ್ವಲ್ಪ ಕೆಂಪಾಯಿತು, ಸಂಜೆಗೆ ಹೋಯಿತು.

ನನ್ನ ಲೆಕ್ಕ: ಮೊದಲನೆಯದಕ್ಕೆ ಐದಕ್ಕೆ ಎರಡು. ಬಯಲುಸೀಮೆಯ ಒಣಹವೆಯಲ್ಲಿ, ಮನೆಯೊಳಗೇ ಇರುವವರಿಗೆ ಅದೇ ಚೆನ್ನಾಗಿರಬಹುದು. ನಮ್ಮ ಮಳೆಗೆ ಆಗಲ್ಲ. ಎರಡನೆಯದಕ್ಕೆ ನಾಲ್ಕು.

ಯಾವುದೇ ತಂದರೂ ಪ್ಯಾಚ್ ಮೇಲೆ ಬಿಸಿನೀರಿನ ಬ್ಯಾಗ್ ಇಡಬೇಡಿ. ಬಿಸಿಗೆ ಔಷಧ ಒಮ್ಮೆಲೇ ಜಾಸ್ತಿ ಒಳಗಿಳಿಯುತ್ತದೆ. ಅವ್ವನಿಗೆ ಆ ಅಭ್ಯಾಸ ಇತ್ತು. ಈಗ ಪ್ಯಾಚ್ ಹಾಕಿದ ದಿನ ಬ್ಯಾಗನ್ನು ನಾನೇ ಅಟ್ಟದ ಮೇಲೆ ಇಟ್ಟುಬಿಡುತ್ತೇನೆ.