ಕನ್ನಡದವನೆಂದು ನಂಬಿ ಅಪ್ಪನ ಪಿನ್‌ಬಾಲ್ ಯಂತ್ರ ಕೊಟ್ಟೆ: ಹಳೆಯ ಯಂತ್ರ ರಿಪೇರಿಗೆ ಕೊಡುವವರು ದಯವಿಟ್ಟು ಓದಿ

ಇದನ್ನು ಬರೆಯಲು ಹನ್ನೊಂದು ದಿನ ಬೇಕಾಯಿತು. ಕಾರಣ ನಾಚಿಕೆ, ಬೇರೇನೂ ಅಲ್ಲ. ಬ್ಯಾಂಕಿನಲ್ಲಿ 29 ವರ್ಷ ಕೆಲಸ ಮಾಡಿದವಳು ನಾನು. ಕೌಂಟರಿನ ಆಚೆ ನಿಂತವರಿಗೆ "ಓದದೆ ಸಹಿ ಹಾಕಬೇಡಿ" ಎಂದು ದಿನಕ್ಕೆ ಹತ್ತು ಸಲ ಹೇಳಿದವಳು. ಅಂಥವಳು ಒಬ್ಬನ ಬಾಯಿಯ ಕನ್ನಡಕ್ಕೆ ಮರುಳಾಗಿ 95,000 ರೂಪಾಯಿ ಕೈಯಾರೆ ಸುರಿದೆ. ದುಡ್ಡು ಹೋದದ್ದು ಹೋಯಿತು. ಅಪ್ಪನ ಯಂತ್ರದ ಜೀವವನ್ನೇ ಕಿತ್ತುಕೊಂಡನಲ್ಲ, ಅದನ್ನು ಮರೆಯಲು ಆಗುತ್ತಿಲ್ಲ.

ಮುಂಬಯಿಯ ಮಾಟುಂಗದಲ್ಲಿ ಅಪ್ಪನ ಹೋಟೆಲ್ ಇತ್ತು. 1984ರಲ್ಲಿ ಮುಚ್ಚಿಹೋದ ಒಂದು ಆಟದ ಪಾರ್ಲರಿನಿಂದ ಅಪ್ಪ ಒಂದು ಪಿನ್‌ಬಾಲ್ ಯಂತ್ರ ಕೊಂಡು ತಂದು ಕೈತೊಳೆಯುವ ಜಾಗದ ಪಕ್ಕದಲ್ಲಿ ಇಟ್ಟರು. ಗಾಜಿನ ಕೆಳಗಿನ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಬದಿಯ ಗುಂಡಿಗಳಿಂದ ಹೊಡೆದು ಅಂಕ ಗಳಿಸುವ ಆಟ ಅದು. ಬ್ಯಾಲಿ ಕಂಪನಿಯ 'ಏಟ್ ಬಾಲ್', 1977ರ ಮಾದರಿ, ಶಿಕಾಗೊದ್ದು. ಆ ಮಾದರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾಗಿತ್ತಂತೆ. ನಮಗೆ ಇದ್ದದ್ದು ಇದೊಂದೇ. ಅದರಲ್ಲಿ ಸ್ಪೀಕರ್ ಇಲ್ಲ. ಒಳಗೆ ಲೋಹದ ಪಟ್ಟಿಗಳಿವೆ, ಅಂಕ ಬಿದ್ದಾಗಲೆಲ್ಲ ಅವುಗಳಿಗೆ ಬಡಿದು ಟಿಣ್ ಎನ್ನುತ್ತದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸಪ್ಲೈಯರ್ ಹುಡುಗರು ಸರದಿಯಲ್ಲಿ ನಿಂತು ಆಡುತ್ತಿದ್ದರು. ಗಲ್ಲಾದಲ್ಲಿ ಕುಳಿತ ಅಪ್ಪ ಸದ್ದು ಕೇಳಿಯೇ ಯಾರು ಆಡುತ್ತಿದ್ದಾರೆ ಎಂದು ಹೇಳುತ್ತಿದ್ದರು.

2003ರಲ್ಲಿ ಹೋಟೆಲ್ ಮುಚ್ಚಿತು. ಯಂತ್ರ ಭಾವನ ಗೋದಾಮಿನಲ್ಲಿ ಗೋಣಿಚೀಲದ ಕೆಳಗೆ ಉಳಿಯಿತು. ಈ ವರ್ಷ ಅಪ್ಪನಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುವುದೆಂದು ನಿಶ್ಚಯವಾದಾಗ ಅದನ್ನು ಡೊಂಬಿವಲಿಯ ಮನೆಗೆ ತಂದು, ಆ ದಿನ ಓಡುವಂತೆ ಮಾಡಿಸಬೇಕು ಎಂದುಕೊಂಡೆ. ಹೋಟೆಲಿನ ಹಳೆಯ ಹುಡುಗರನ್ನೂ ಕರೆದೆ. ಹುಡುಗರೆಂದರೆ ಈಗ ಅರವತ್ತು ದಾಟಿದವರು.

ರಿಪೇರಿಯವನು ಪರಿಚಯದವರ ಪರಿಚಯದವನು. ವಸಾಯಿಯಲ್ಲಿ ಒಂದು ಗಾಲಾ, ಅಂದರೆ ಕೆಲಸದ ಮಳಿಗೆ, ಇಟ್ಟುಕೊಂಡಿದ್ದಾನೆ. ಜ್ಯೂಕ್‌ಬಾಕ್ಸ್, ಹಳೆಯ ರೇಡಿಯೊ, ಆಟದ ಯಂತ್ರ ಎಲ್ಲ ಮಾಡುತ್ತೇನೆ ಎನ್ನುತ್ತಾನೆ. ಹೆಸರು ಬರೆಯುವುದಿಲ್ಲ. ಫೋನ್ ಎತ್ತಿದ ಕೂಡಲೇ "ಅಕ್ಕಾ, ನಾವೂ ಕುಂದಾಪುರದ ಕಡೆಯವರೇ" ಎಂದ. ಅಷ್ಟೇ ಸಾಕಾಯಿತು ನನಗೆ. ಮೂರು ಜನರ ಹತ್ತಿರ ದರ ಕೇಳಬೇಕು ಎಂದುಕೊಂಡವಳು ಉಳಿದಿಬ್ಬರಿಗೆ ಫೋನ್ ಮಾಡಲೇ ಇಲ್ಲ.

ಮನೆಗೆ ಬಂದು ನೋಡಿದ. ಮೇಲಿನ ಪೆಟ್ಟಿಗೆ ತೆರೆದು ಟಾರ್ಚ್ ಬಿಟ್ಟ. ಆಗ ನಾನು ಹೆಮ್ಮೆಯಿಂದ ಒಂದು ಮಾತು ಹೇಳಿದೆ. ಆ ಕಾಲದ ಬ್ಯಾಲಿ ಯಂತ್ರಗಳಲ್ಲಿ ಆಟವನ್ನೆಲ್ಲ ನಡೆಸುವ ಮುಖ್ಯ ಸರ್ಕ್ಯೂಟ್ ಬೋರ್ಡಿನ ಮೇಲೆ 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಸೋರುತ್ತದೆ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಬೋರ್ಡ್ ಸಾಯುತ್ತದೆ. ನಮ್ಮದರಲ್ಲಿ ಹಾಗಾಗಿರಲಿಲ್ಲ. ಹೋಟೆಲಿಗೆ ಬರುತ್ತಿದ್ದ ರೇಡಿಯೊ ಮೆಕ್ಯಾನಿಕ್ ಒಬ್ಬರು ಎಷ್ಟೋ ವರ್ಷ ಹಿಂದೆಯೇ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಎರಡು ತಂತಿ ಎಳೆದು, ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿ, ಮೂರು ಪೆನ್ಸಿಲ್ ಸೆಲ್ಲುಗಳ ಡಬ್ಬಿಯನ್ನು ದೂರದಲ್ಲಿ ಕೂರಿಸಿದ್ದರು. ಬೆಸುಗೆಗೆ ಗಾಳಿ ತಾಗದಿರಲಿ ಎಂದು ಅವರು ಏನಾದರೂ ಬಣ್ಣ ಕೇಳಿದಾಗ ಅಮ್ಮ ತನ್ನ ಉಗುರಿನ ಬಣ್ಣದ ಶೀಸೆ ಕೊಟ್ಟಿದ್ದಳು. ಎರಡು ಕೆಂಪು ಚುಕ್ಕೆ ಹಾಗೇ ಇದ್ದವು.

"ಬ್ಯಾಟರಿ ಆಗಲೇ ತೆಗೆಸಿದ್ದಾರೆ, ಬೋರ್ಡ್ ಸ್ವಚ್ಛವಾಗಿದೆ ನೋಡಿ" ಎಂದೆ.

ಅವನು ಮಾತಾಡಲಿಲ್ಲ. ಟಾರ್ಚನ್ನು ಆ ಬೋರ್ಡಿನ ಮೇಲೆ ಹಿಡಿದುಕೊಂಡೇ ನಿಂತ. ಆಮೇಲೆ "ಬೋರ್ಡ್ ಹೋಗಿದೆ ಅಕ್ಕಾ, ಆದರೂ ಪ್ರಯತ್ನ ಮಾಡೋಣ" ಎಂದ. ಆ ಮೌನ ಆಗ ನನಗೆ ಶ್ರದ್ಧೆಯಂತೆ ಕಂಡಿತು.

ಮುಂಗಡ 40,000. ಓಡಿಸಿ ತೋರಿಸಿದಾಗ ಮತ್ತೆ 40,000. ಮನೆಗೆ ತಲುಪಿದ ಮೇಲೆ 15,000. ಒಂದು ಕಚ್ಚಾ ಚೀಟಿ ಕೊಟ್ಟ, ಅದರಲ್ಲಿ "ಗೇಮ್ ಮಶೀನ್ ರಿಪೇರಿ" ಎಂದಷ್ಟೇ ಬರೆದಿತ್ತು. ಯಾವ ಬೋರ್ಡ್, ಯಾವ ನಂಬರ್, ಏನೂ ಇಲ್ಲ. ಸಾಲದ ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ವಾಪಸು ಕಳುಹಿಸುತ್ತಿದ್ದವಳು ಅದನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ.

ಏಳು ವಾರದ ನಂತರ ವಸಾಯಿಗೆ ಕರೆದ. ಹೋದೆ. ಯಂತ್ರ ನಿಜವಾಗಿಯೂ ಓಡುತ್ತಿತ್ತು. ಕಿತ್ತಳೆ ಬಣ್ಣದ ಅಂಕೆಗಳು ಹೊತ್ತಿದವು, ಚೆಂಡು ಹೊರಬಂತು, ಟಿಣ್ ಟಿಣ್ ಎಂದಿತು. ಇಪ್ಪತ್ತು ವರ್ಷದ ಮೇಲೆ ಕೇಳಿದ ಸದ್ದು. ನಾನು ಅಲ್ಲೇ ಅತ್ತೆ. ಅವನು ನೀರು ತಂದುಕೊಟ್ಟ. ಒಳಗೆ ನೋಡುತ್ತೇನೆ ಎಂದಾಗ "ಬೇಡ ಅಕ್ಕಾ, ಅಂಕೆಗಳಿಗೆ 190 ವೋಲ್ಟ್ ಹೋಗುತ್ತದೆ, ಕೈ ಹಾಕಬೇಡಿ" ಎಂದ. ಅಷ್ಟು ವೋಲ್ಟ್ ಹೋಗುವುದು ನಿಜವೇ. ಸ್ವಿಚ್ ಆರಿಸಿ ತೋರಿಸಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಹದಿನೈದು ದಿನ ಕಳೆದ ಮೇಲೆ. ನಿಂತ ಜಾಗದಲ್ಲೇ 40,000 ಕಳುಹಿಸಿದೆ.

ಶಾಂತಿಯ ಹಿಂದಿನ ರಾತ್ರಿ ಒಂಬತ್ತೂವರೆಗೆ ಟೆಂಪೊ ಬಂತು. ನೂರು ಕಿಲೋ ಮೀರಿದ ಭಾರ, ನಾಲ್ವರು ಹಮಾಲರು ಸೇರಿ ಮೇಲೆ ತಂದರು. ಪ್ಲಗ್ ಹಾಕಿದರು, ದೀಪಗಳೆಲ್ಲ ಹೊತ್ತಿಕೊಂಡವು. ಅವನು ಫೋನಿನಲ್ಲಿದ್ದ. "ಈಗ ಆಡಬೇಡಿ ಅಕ್ಕಾ, ಕಾಲುಗಳ ಮಟ್ಟ ಸರಿಯಿಲ್ಲದೆ ಆಡಿದರೆ ಕಾಯಿಲ್ ಸುಡುತ್ತದೆ. ಬೆಳಗ್ಗೆ ನಾನೇ ಬಂದು ಶುರು ಮಾಡಿಕೊಡುತ್ತೇನೆ" ಎಂದ. ಮಟ್ಟಕ್ಕೂ ಚೆಂಡು ತಳ್ಳುವ ತಂತಿಸುರುಳಿಯಾದ ಕಾಯಿಲ್‌ಗೂ ಸಂಬಂಧವೇ ಇಲ್ಲ ಎಂದು ಆಮೇಲೆ ತಿಳಿಯಿತು. ಉಳಿದ 15,000 ಕೂಡ ಕಳುಹಿಸಿಬಿಟ್ಟೆ. ಹೌದು, ಕಳುಹಿಸಿಬಿಟ್ಟೆ.

ಬೆಳಗ್ಗೆ ಅವನು ಬರಲಿಲ್ಲ.

ಹೋಮ ಮುಗಿಯಿತು, ಊಟ ಮುಗಿಯಿತು, ಎಲ್ಲರೂ ಹಾಲಿಗೆ ಬಂದರು. ಅಪ್ಪನನ್ನು ಕುರ್ಚಿಯಲ್ಲಿ ಯಂತ್ರದ ಪಕ್ಕ ಕೂರಿಸಿದೆವು. ಸ್ವಿಚ್ ಹಾಕಿದಾಗ ದೀಪ ಹತ್ತಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೈಂದೂರಿನ ಹಳೆಯ ಸಪ್ಲೈಯರ್ ಒಬ್ಬರು ಮುಂದೆ ಬಂದು, ಚಪ್ಪಲಿ ಬಿಟ್ಟು, ಎರಡೂ ಬದಿಯ ಗುಂಡಿಗಳ ಮೇಲೆ ಬೆರಳಿಟ್ಟರು. ಆಟ ಶುರುವಾಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಅಂಕೆಗಳೆಲ್ಲ ಕಪ್ಪು, ಗುಂಡಿ ಒತ್ತಿದರೆ ಏನೂ ಅಲುಗುವುದಿಲ್ಲ. ಅಪ್ಪನಿಗೆ ಕಣ್ಣು ಮಂಜು, "ಯಾಕೆ ಸದ್ದು ಬರುತ್ತಿಲ್ಲ?" ಎಂದು ಕೇಳಿದರು. ನಲವತ್ತು ಜನರ ಮುಂದೆ ನಾನು ಏನೆಂದು ಹೇಳಲಿ? ಆ ಸಪ್ಲೈಯರ್ ಅಣ್ಣನೇ "ವೋಲ್ಟೇಜ್ ಕಡಿಮೆ ಇರಬೇಕು ಧಣಿ" ಎಂದು ನನ್ನ ಮಾನ ಉಳಿಸಿದರು.

ಬಲ್ಬುಗಳು ಉರಿದದ್ದಕ್ಕೆ ಅರ್ಥವಿಲ್ಲ, ಅದನ್ನು ಎಲ್ಲರೂ ತಿಳಿದುಕೊಳ್ಳಿ. ಅಲಂಕಾರದ ಬಲ್ಬುಗಳಿಗೆ ಕರೆಂಟ್ ನೇರ ಟ್ರಾನ್ಸ್‌ಫಾರ್ಮರಿನಿಂದ ಬರುತ್ತದೆ. ಮುಖ್ಯ ಬೋರ್ಡ್ ಸತ್ತಿದ್ದರೂ, ಇಲ್ಲದೇ ಇದ್ದರೂ ಅವು ಉರಿಯುತ್ತವೆ. ನನ್ನ 15,000 ಹೋದದ್ದು ಆ ಬಲ್ಬುಗಳನ್ನು ನೋಡಿ.

ಮರುದಿನ ನಮ್ಮ ಕಟ್ಟಡದ ನಿವೃತ್ತ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆದು ಮೇಲಿನ ಪೆಟ್ಟಿಗೆ ತೆಗೆಸಿದೆ. ಬೋರ್ಡಿನ ಮೇಲೆ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಯಂತ್ರ ಸರಿಯಿದ್ದರೆ ಸ್ವಿಚ್ ಹಾಕಿದ ಮೇಲೆ ಅದು ಏಳು ಸಲ ಮಿನುಗಬೇಕು. ಇದು ಮಿನುಗದೆ ಹತ್ತಿಕೊಂಡೇ ನಿಂತಿತ್ತು. ಆಮೇಲೆ ಕಣ್ಣು ಬದಿಗೆ ಹೋಯಿತು. ಅಲ್ಲಿ ಬ್ಯಾಟರಿ ಇತ್ತು. ನಮ್ಮ ಬೋರ್ಡಿನಲ್ಲಿ ಇಲ್ಲದ ಬ್ಯಾಟರಿ! ಅದರ ಸುತ್ತ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನಂತೆ ನೀಲಿ ಹಸಿರು ಪುಡಿ, ಪಕ್ಕದ ಐಸಿ ಚಿಪ್‌ನ ಕಾಲುಗಳವರೆಗೆ ಹರಡಿತ್ತು. ಬೆರಳು ತಾಗಿಸಿದರೆ ಉದುರಿತು. ಅಮ್ಮನ ಕೆಂಪು ಚುಕ್ಕೆ ಎಲ್ಲೂ ಇಲ್ಲ. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಗಾಲಾದಲ್ಲಿ ಓಡಿದ್ದು ನಮ್ಮದೇ ಬೋರ್ಡ್. ನಮ್ಮದನ್ನೇ ಓಡಿಸಿ ತೋರಿಸಿ, ದುಡ್ಡು ತೆಗೆದುಕೊಂಡು, ಅದನ್ನು ಬಿಚ್ಚಿಟ್ಟುಕೊಂಡು, ಯಾರದೋ ಸತ್ತ ಬೋರ್ಡ್ ತುರುಕಿ ಕಳುಹಿಸಿದ್ದಾನೆ.

ಇನ್ನೂ ಇದೆ. ಫ್ಯೂಸ್ ಒಂದಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದ. ಫ್ಯೂಸ್ ಹಾರದಂತೆ ಮಾಡಿದರೆ, ಅದು ಹಾರುವ ಬದಲು ಯಂತ್ರಕ್ಕೇ ಬೆಂಕಿ ಹತ್ತಬಹುದು. ಮಕ್ಕಳು ಅದಕ್ಕೆ ಒರಗಿಕೊಂಡು ಫೋಟೊ ತೆಗೆಸಿಕೊಂಡಿದ್ದರು, ಮೂರು ಗಂಟೆ ಸ್ವಿಚ್ ಹಾಕಿಯೇ ಇತ್ತು. ನೆನೆದರೆ ಈಗಲೂ ಕೈ ನಡುಗುತ್ತದೆ. ಚೆಂಡು ತಾಗುವ ಸ್ವಿಚ್ಚುಗಳ ಚಿನ್ನದ ಲೇಪದ ತುದಿಗಳನ್ನು ಮರಳು ಕಾಗದದಿಂದ ಉಜ್ಜಿದ್ದಾನೆ. ಅಪ್ಪ ಅವನ್ನು ಹೋಟೆಲಿನ ವಿಸಿಟಿಂಗ್ ಕಾರ್ಡ್ ನಡುವೆ ತೂರಿಸಿ ಮೆಲ್ಲಗೆ ಎಳೆದು ಸ್ವಚ್ಛ ಮಾಡುತ್ತಿದ್ದರು, ಅಷ್ಟೇ. ಲೇಪ ಹೋದರೆ ಮತ್ತೆ ಬರುವುದಿಲ್ಲ. ಮೇಲಿನ ಚಿತ್ರದ ಗಾಜಿನಲ್ಲಿ ಬಣ್ಣ ಇರುವುದು ಹಿಂಭಾಗಕ್ಕೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಂಗೈ ಅಗಲ ಬಣ್ಣ ಕಿತ್ತಿದ್ದಾನೆ.

ಇನ್ನು ಅವನ ಉತ್ತರಗಳು. ಒಂದೊಂದನ್ನೂ ಇಟ್ಟುಕೊಂಡಿದ್ದೇನೆ.

ಮೊದಲ ದಿನ: "ಟೆಂಪೊದಲ್ಲಿ ಅಲುಗಾಡಿ ಕನೆಕ್ಟರ್ ಸಡಿಲವಾಗಿರುತ್ತದೆ ಅಕ್ಕಾ, ಎರಡು ದಿನದಲ್ಲಿ ಬರುತ್ತೇನೆ."

ನಾಲ್ಕನೆಯ ದಿನ: "ನಿಮ್ಮ ಮನೆಯ ವೋಲ್ಟೇಜ್ ಸರಿಯಿಲ್ಲ ಮೇಡಂ." ಅಕ್ಕ ಹೋಗಿ ಮೇಡಂ ಬಂದದ್ದು ಅಂದೇ.

ಕಿಲುಬಿನ ಫೋಟೊ ಕಳುಹಿಸಿದೆ. "ಸಮುದ್ರದ ಗಾಳಿ ಮೇಡಂ, ಈ ಊರಿನಲ್ಲಿ ಎರಡೇ ದಿನಕ್ಕೆ ಹಸಿರು ಹಿಡಿಯುತ್ತದೆ." ಡೊಂಬಿವಲಿಗೆ ಯಾವ ಸಮುದ್ರ? ಸಮುದ್ರದ ಹತ್ತಿರ ಇರುವುದು ಅವನ ವಸಾಯಿ.

ಆಗ ಹಳೆಯ ಫೋಟೊ ಕಳುಹಿಸಿದೆ. ಯಂತ್ರ ಮನೆಗೆ ಬಂದ ದಿನ ಮಗ ಸುಮ್ಮನೆ ತೆಗೆದಿದ್ದ ಫೋಟೊ. ಬ್ಯಾಟರಿ ಇಲ್ಲ, ಎರಡು ತಂತಿ, ಎರಡು ಕೆಂಪು ಚುಕ್ಕೆ, ಎಲ್ಲ ಸ್ಪಷ್ಟ. ಒಂದು ದಿನ ಉತ್ತರವಿಲ್ಲ. ಮರುದಿನ: "ಬ್ಯಾಟರಿ ಇಲ್ಲದ ಬೋರ್ಡ್ ಅಪೂರ್ಣ. ಅದಕ್ಕಿಂತ ಒಳ್ಳೆಯದನ್ನೇ ಹಾಕಿದ್ದೇನೆ." ನೋಡಿ, ಬದಲಾಯಿಸಿದ್ದೇನೆ ಎಂದು ಅವನೇ ಬರೆದುಕೊಟ್ಟಿದ್ದಾನೆ. ನಮ್ಮ ಬೋರ್ಡ್ ವಾಪಸು ಕೊಡು, ದುಡ್ಡು ನೀನೇ ಇಟ್ಟುಕೋ ಎಂದೆ. ಅದಕ್ಕೆ ಬಂದ ಉತ್ತರ: "ರೀ, ನೀವು ಓದಿದವರು, ಬ್ಯಾಂಕಿನವರು. ಬಡವನ ಹೊಟ್ಟೆಯ ಮೇಲೆ ಹೊಡೆಯಬೇಡಿ. ನಾವು ಒಂದೇ ಊರಿನವರು." ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಒಂದೇ ಊರಿನವರು! ಹೊಡೆದವನು ಯಾರು, ಹೊಡೆಸಿಕೊಂಡವರು ಯಾರು?

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಪೊಲೀಸ್ ಠಾಣೆಗೂ ಹೋದೆ. ಎಲ್ಲರೂ ಮೊದಲು ಕೇಳಿದ್ದು ಬಿಲ್. ಕಚ್ಚಾ ಚೀಟಿ ತೋರಿಸಿ ತಲೆ ತಗ್ಗಿಸಿ ನಿಂತೆ. ದೂರು ಕೊಟ್ಟಿದ್ದೇನೆ, ಬಿಡುವುದಿಲ್ಲ.

ಕೊಡುವವರಿಗೆ ಹೇಳುವುದಿಷ್ಟು. ಯಂತ್ರ ಮನೆಯಿಂದ ಇಳಿಯುವ ಮೊದಲು ಪ್ರತಿ ಬೋರ್ಡಿನ ಎರಡೂ ಬದಿಯ ಫೋಟೊ ತೆಗೆಯಿರಿ, ನಂಬರುಗಳನ್ನು ಬಿಲ್ಲಿನಲ್ಲಿ ಬರೆಸಿ, ಬರೆಯಲು ಒಪ್ಪದವನಿಗೆ ಕೊಡಬೇಡಿ. ಕೊನೆಯ ಕಂತನ್ನು ಮನೆಯಲ್ಲಿ ಮೂರು ಆಟ ಪೂರ್ತಿ ಆಡಿದ ಮೇಲೆ ಕೊಡಿ, ರಾತ್ರಿ ಒಂಬತ್ತೂವರೆಗೆ ಟೆಂಪೊ ಬಂದರೂ ಸರಿ. ಯಾವ ಊರಿನವನು ಎಂದು ಕೇಳಲು ಹೋಗಬೇಡಿ. ಅವನು ಹೇಳಿಕೊಂಡರೂ ಕಿವಿಗೆ ಹಾಕಿಕೊಳ್ಳಬೇಡಿ. ಟಿವಿ ಮೆಕ್ಯಾನಿಕ್ ಹೇಳುವ ಪ್ರಕಾರ ನಮ್ಮ ಯಂತ್ರಕ್ಕೆ ಮೊದಲಿಗೆ ಇದ್ದ ರೋಗ ದೊಡ್ಡದೇನಲ್ಲ: ಕನೆಕ್ಟರ್ ಪಿನ್ನುಗಳ ಬೆಸುಗೆ ಬಿರುಕು ಬಿಟ್ಟಿರಬೇಕು, ರಬ್ಬರುಗಳು ಕರಗಿದ್ದವು. ನಾಲ್ಕು ದಿನದ ಕೆಲಸ. ಅದನ್ನು ಮಾಡಿಯೇ ಅವನು ಗಾಲಾದಲ್ಲಿ ಓಡಿಸಿದ್ದು.

ಇನ್ನೊಂದು ವಿನಂತಿ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಾಗಲಿ, ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ಯಾರದಾದರೂ ಮನೆಯಲ್ಲಾಗಲಿ ಬ್ಯಾಲಿಯ ಹಳೆಯ ಬೋರ್ಡ್ ಕಂಡರೆ ಬ್ಯಾಟರಿಯ ಜಾಗ ನೋಡಿ. ಬ್ಯಾಟರಿ ಇರುವುದಿಲ್ಲ. ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ, ಕೆಂಪಿನ ನಡುವೆ ಕರಿಯ ಡಯೋಡ್. ತಂತಿಗಳ ಬುಡದಲ್ಲಿ ಉಗುರಿನ ಬಣ್ಣದ ಎರಡು ಚುಕ್ಕೆ. ಎಡಗಡೆಯದು ಸ್ವಲ್ಪ ಹರಡಿಕೊಂಡಿದೆ, ಅಮ್ಮನೇ ಹಚ್ಚಿದ್ದು. ಕೊಂಡಿದ್ದರೆ ತಪ್ಪು ನಿಮ್ಮದಲ್ಲ, ನೀವು ಕೊಟ್ಟ ಬೆಲೆಯನ್ನು ನಾನು ಕೊಡುತ್ತೇನೆ. ಅಪ್ಪ ಸಂಜೆ ಹೊತ್ತು ಈಗಲೂ ಆ ಯಂತ್ರದ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ.